ಕಬ್ಬಿನ ಭಾಗದಲ್ಲಿ ಮೊಬೈಲ್ ಬ್ಯಾಟರಿ ಬೇಗ ಇಳಿಯಲು ಕಾರಣಗಳು ಮತ್ತು ನಿವಾರಣೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ರೈತರಿಗೆ ಮೊಬೈಲ್ ಫೋನು ಈಗ ಕುಡಗೋಲು, ಸಲಿಕೆಗಳಂತೆಯೇ ಒಕ್ಕಲುತನದ ಒಂದು ಸಲಕರಣೆಯಾಗಿದೆ. ಕಬ್ಬಿನ ಕಟಾವಿನ ಸರದಿಯನ್ನು ವಿಚಾರಿಸುವುದು, ಗ್ಯಾಂಗಿನವರನ್ನು ಕರೆಯುವುದು, ಬಾವಿಯ ಮೋಟಾರನ್ನು ಮನೆಯಿಂದಲೇ ಚಾಲೂ ಮಾಡುವುದು, ಬೆಳೆ ಸಮೀಕ್ಷೆಯ ಛಾಯಾಚಿತ್ರ ತೆಗೆಯುವುದು, ಇವೆಲ್ಲವೂ ಅದರಿಂದಲೇ ನಡೆಯುತ್ತವೆ. ಆದರೆ ಮುಂಜಾನೆ ನೂರಕ್ಕೆ ನೂರು ತುಂಬಿಕೊಂಡು ಹೊಲಕ್ಕೆ ಒಯ್ದ ಫೋನು ಮಧ್ಯಾಹ್ನದ ಹೊತ್ತಿಗೇ ಇಪ್ಪತ್ತಕ್ಕೆ ಇಳಿದಿರುತ್ತದೆ ಎಂಬ ದೂರು ಈ ಭಾಗದಲ್ಲಿ ಸಾಮಾನ್ಯ.

ಇದು ಬರಿಯ ಅನಾನುಕೂಲದ ಮಾತಲ್ಲ. ಮೂರು ಫೇಸಿನ ವಿದ್ಯುತ್ತು ಪಾಳಿಯ ಮೇಲೆ ಬರುವುದರಿಂದ ಅನೇಕರು ರಾತ್ರಿ ಹೊತ್ತಿನಲ್ಲಿ ಒಬ್ಬರೇ ಕಬ್ಬಿಗೆ ನೀರು ಹಾಯಿಸಬೇಕಾಗುತ್ತದೆ. ಆಳೆತ್ತರದ ಬೆಳೆಯೊಳಗೆ ಹಾವು ಕಚ್ಚಿದರೆ, ಕಾಲು ಜಾರಿ ಬಿದ್ದರೆ, ಸ್ಟಾರ್ಟರಿನಿಂದ ಶಾಕ್ ಹೊಡೆದರೆ 108ಕ್ಕೋ ಮನೆಗೋ ಒಂದು ಕರೆ ಹೋಗುವಷ್ಟು ಬ್ಯಾಟರಿ ಉಳಿದಿರಲೇಬೇಕು. 2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳುಗಳಲ್ಲಿ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳು ಉಕ್ಕಿ ಹರಿದಾಗ ಕಲ್ಲೋಳ-ಯಡೂರ, ಉಗಾರ-ಕುಡಚಿಯಂಥ ಸೇತುವೆಗಳು ಮುಳುಗಿದವು. ನೀರು ನುಗ್ಗಿದ ಗ್ರಾಮಗಳಲ್ಲಿ ವಿದ್ಯುತ್ ಪೂರೈಕೆ ನಿಲ್ಲಿಸಬೇಕಾಯಿತು. ಅಂಥ ಹೊತ್ತಿನಲ್ಲಿ ಫೋನಿನೊಳಗೆ ಎಷ್ಟು ಉಳಿದಿದೆಯೋ ಅಷ್ಟೇ ಆಧಾರ.

ಬ್ಯಾಟರಿ ಬೇಗ ಇಳಿಯತೊಡಗಿದ ಕೂಡಲೆ ರೈತರು ಪೇಟೆಯ ಅಂಗಡಿಗೆ ಹೋಗುತ್ತಾರೆ. "ತಮ್ಮಾ, ಬ್ಯಾಟರಿ ಹೋಗೇತಿ ನೋಡು, ಹೊಸಾದು ಹಾಕಿ ಕೊಡು" ಎನ್ನುತ್ತಾರೆ. ಅಂಗಡಿಯ ಹುಡುಗನೂ "ಹೌದ್ ಕಾಕಾ, ಹೋಗೇತಿ" ಎಂದು ಹೊಸದನ್ನು ಹಾಕಿ ಹಣ ಎಣಿಸಿಕೊಳ್ಳುತ್ತಾನೆ. ಎಂಟು ದಿನದಲ್ಲಿ ಹೊಸ ಬ್ಯಾಟರಿಯೂ ಮಧ್ಯಾಹ್ನಕ್ಕೇ ಖಾಲಿ! ಪೈಪಿನಲ್ಲಿ ಎಲ್ಲಿ ನೀರು ಸೋರುತ್ತಿದೆ ಎಂದು ನೋಡದೆ ಬಾವಿಯನ್ನು ಇನ್ನೂ ಆಳಕ್ಕೆ ತೋಡಿಸಿದಂತೆ ಇದು. ಈ ಐದು ತಾಲೂಕುಗಳಲ್ಲಿ ಸೋರಿಕೆ ಹೆಚ್ಚಾಗಿ ಬ್ಯಾಟರಿಯಲ್ಲಿ ಇರುವುದಿಲ್ಲ. ಫೋನು ಸಿಗ್ನಲ್ ಹುಡುಕುವುದರಲ್ಲಿ ಇರುತ್ತದೆ. ಆದಕಾರಣ ಮೊದಲು ಪರೀಕ್ಷೆ, ಆಮೇಲೆ ಖರ್ಚು ಎಂಬ ಕ್ರಮವನ್ನು ಅನುಸರಿಸುವುದು ಲಾಭದಾಯಕ.

ಬ್ಯಾಟರಿಯ ಗುಣ

ಈಗಿನ ಎಲ್ಲ ಸ್ಮಾರ್ಟ್‌ಫೋನುಗಳಲ್ಲಿಯೂ ಲಿಥಿಯಂ-ಅಯಾನ್ ಜಾತಿಯ ಬ್ಯಾಟರಿ ಇರುತ್ತದೆ. ಇದು ಮೊದಲು ಮಾರುಕಟ್ಟೆಗೆ ಬಂದದ್ದು 1991ರಲ್ಲಿ. ಇದನ್ನು ರೂಪಿಸಿದ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಫೋನಿನ ಡಬ್ಬಿಯ ಮೇಲೆ 5000 ಎಂಎಎಚ್ ಎಂದು ಬರೆದಿದ್ದರೆ ಅದರಲ್ಲಿ ಸುಮಾರು 19 ವ್ಯಾಟ್-ಅವರ್ ವಿದ್ಯುತ್ತು ಹಿಡಿಯುತ್ತದೆ ಎಂದು ತಿಳಿಯಬೇಕು. ಒಂದು ಯೂನಿಟ್ ಎಂದರೆ 1000 ವ್ಯಾಟ್-ಅವರ್. ಅಂದರೆ ದಿನಕ್ಕೊಮ್ಮೆ ಪೂರ್ತಿ ಚಾರ್ಜ್ ಮಾಡಿದರೂ ತಿಂಗಳಿಗೆ ಒಂದು ಯೂನಿಟ್ ಸಹ ಖರ್ಚಾಗುವುದಿಲ್ಲ. ವಿದ್ಯುತ್ತಿನ ಬಿಲ್ಲಿನ ಹೆದರಿಕೆಯಿಂದ ಯಾರೂ ಚಾರ್ಜ್ ಮಾಡುವುದನ್ನು ತಡೆಯಬೇಕಾಗಿಲ್ಲ.

ಹಳೆಯ ಕಾಲದ ನಿಕ್ಕಲ್ ಬ್ಯಾಟರಿಗಳನ್ನು ಪೂರ್ತಿ ಖಾಲಿ ಮಾಡಿಯೇ ಚಾರ್ಜಿಗೆ ಹಚ್ಚಬೇಕೆಂಬ ರೂಢಿ ಇತ್ತು. ಆ ಬ್ಯಾಟರಿಗೆ ಅದು ಸರಿಯಾಗಿತ್ತು. ಲಿಥಿಯಂ ಬ್ಯಾಟರಿಗೆ ಇದೇ ರೂಢಿ ಕೆಡುಕು ಮಾಡುತ್ತದೆ. ನೂರಕ್ಕೆ 20ರಿಂದ 80ರ ನಡುವೆ ಇದ್ದರೆ ಇದರ ಆಯುಸ್ಸು ಹೆಚ್ಚು. ಐವತ್ತರಿಂದ ನೂರಕ್ಕೆ ಎರಡು ಸಲ ಏರಿಸಿದರೆ ಒಂದೇ ಪೂರ್ಣ ಸುತ್ತು ಎಂದು ಲೆಕ್ಕ. ಇಂಥ 500ರಿಂದ 800 ಸುತ್ತುಗಳ ನಂತರ ಬ್ಯಾಟರಿಯ ಹಿಡಿತ ಮೊದಲಿನ ನೂರಕ್ಕೆ ಎಂಬತ್ತರಷ್ಟಕ್ಕೆ ಬರುವುದು ಸಹಜ. ದಿನಕ್ಕೊಂದು ಸುತ್ತಿನಂತೆ ಇದು ಎರಡು ವರ್ಷದ ಮಾತು. ಹೀಗಿರುವಾಗ ಆರು ತಿಂಗಳ ಫೋನು ಅರ್ಧ ದಿನವೂ ಬಾಳದಿದ್ದರೆ ಮುಪ್ಪು ಅದಕ್ಕೆ ಕಾರಣವಾಗಲಾರದು.

ಮೂರು ರಾತ್ರಿಯ ಪರೀಕ್ಷೆ

ಹೊಸ ತಳಿಯನ್ನು ನಂಬುವ ಮೊದಲು ಪಕ್ಕಪಕ್ಕದ ತಾಕಿನಲ್ಲಿ ಬೆಳೆದು ಹೋಲಿಸಿ ನೋಡುವಂತೆ ಫೋನನ್ನೂ ಹೋಲಿಸಿ ನೋಡಬೇಕು. ಇದಕ್ಕೆ ಒಂದು ಕಾಗದ ಮತ್ತು ಪೆನ್ಸಿಲು ಸಾಕು.

ಮೊದಲನೆಯ ರಾತ್ರಿ ಊರಿನ ಮನೆಯಲ್ಲಿ, ಮಲಗುವಾಗ ಚಾರ್ಜರಿನಿಂದ ಫೋನನ್ನು ಬಿಡಿಸಿ, ಶೇಕಡಾ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಬೇಕು. ಎಂಟು ತಾಸಿನ ಮೇಲೆ ಎದ್ದು ಮತ್ತೆ ಬರೆಯಬೇಕು. ಎರಡನೆಯ ರಾತ್ರಿ ಅದೇ ಮನೆಯಲ್ಲಿ ಏರೋಪ್ಲೇನ್ ಮೋಡಿನಲ್ಲಿ ಇಟ್ಟು ಮಲಗಬೇಕು. ಪರದೆಯನ್ನು ಮೇಲಿನಿಂದ ಕೆಳಕ್ಕೆ ಎಳೆದಾಗ ವಿಮಾನದ ಗುರುತಿನ ಗುಂಡಿ ಕಾಣುತ್ತದೆ. ಅದನ್ನು ಒತ್ತಿದರೆ ಫೋನು ಯಾವ ಟವರಿನೊಂದಿಗೂ ಮಾತನಾಡುವುದಿಲ್ಲ. (ಆ ರಾತ್ರಿ ಕರೆಯೂ ಬರುವುದಿಲ್ಲವಾದ್ದರಿಂದ ಮನೆಯಲ್ಲಿ ಬೇರೊಂದು ಫೋನು ಚಾಲೂ ಇರಲಿ.) ಮೂರನೆಯ ರಾತ್ರಿ ತೋಟದ ಮನೆಯಲ್ಲಿ, ಎಂದಿನಂತೆ ಟವರಿನ ಸಂಪರ್ಕದೊಂದಿಗೆ ಇಡಬೇಕು. ಮೂರೂ ರಾತ್ರಿ ಯಾರೂ ಫೋನನ್ನು ಮುಟ್ಟಬಾರದು.

ಏರೋಪ್ಲೇನ್ ಮೋಡಿನ ರಾತ್ರಿ ಒಳ್ಳೆಯ ಫೋನು ನೂರಕ್ಕೆ ಎರಡು ಮೂರಕ್ಕಿಂತ ಹೆಚ್ಚು ಇಳಿಯಬಾರದು. ಊರಿನ ಮನೆಯಲ್ಲಿ ಇನ್ನು ನಾಲ್ಕೈದು ಹೆಚ್ಚು ಇಳಿದರೆ ಅದೂ ಸಹಜವೇ. ಎರಡನೆಯ ರಾತ್ರಿ ಮೂರು ಇಳಿದು, ತೋಟದ ರಾತ್ರಿ ಹದಿನೈದೋ ಇಪ್ಪತ್ತೋ ಇಳಿದಿದ್ದರೆ ಬ್ಯಾಟರಿ ನಿರಪರಾಧಿ. ಸಿಗ್ನಲಿನಲ್ಲಿಯೇ ದೋಷ. ಏರೋಪ್ಲೇನ್ ಮೋಡಿನಲ್ಲಿಯೂ ಹತ್ತಕ್ಕಿಂತ ಹೆಚ್ಚು ಇಳಿದಿದ್ದರೆ ಯಾವುದೋ ಆ್ಯಪು ಒಳಗಿಂದೊಳಗೆ ಕೆಲಸ ಮಾಡುತ್ತಿದೆ, ಇಲ್ಲವೆ ಬ್ಯಾಟರಿಯೇ ಸವೆದಿದೆ. ಇವೆರಡನ್ನು ಬೇರ್ಪಡಿಸುವುದೂ ಕಷ್ಟವಲ್ಲ. ಆ್ಯಪಿನಿಂದ ಇಳಿಯುವ ಬ್ಯಾಟರಿ ಒಂದೇ ಸಮನೆ ಇಳಿಯುತ್ತದೆ. ಸವೆದ ಬ್ಯಾಟರಿ ನಲವತ್ತರಿಂದ ಒಮ್ಮೆಲೆ ಹದಿನೈದಕ್ಕೆ ಬೀಳುತ್ತದೆ. ಇಪ್ಪತ್ತು ಇರುವಾಗಲೇ ಫೋನು ಬಂದ್ ಆಗುತ್ತದೆ. ಚಾರ್ಜಿಗೆ ಹಚ್ಚಿದ ಕೂಡಲೆ ಮತ್ತೆ ಇಪ್ಪತ್ತನ್ನೇ ತೋರಿಸುತ್ತದೆ.

ಕಬ್ಬು, ಗಡಿ ಮತ್ತು ಟವರು

ಫೋನು ಟವರಿನ ಹತ್ತಿರವಿದ್ದಾಗ ಮೆಲುದನಿಯಲ್ಲಿ ಮಾತನಾಡುತ್ತದೆ, ದೂರವಿದ್ದಾಗ ಕೂಗಿ ಮಾತನಾಡುತ್ತದೆ. ಹಳೆಯ 2ಜಿ ಪದ್ಧತಿಯಲ್ಲಿ ಈ ಕೂಗು 2 ವ್ಯಾಟಿನವರೆಗೆ ಏರಬಹುದು. ಟವರ್ ಸಮೀಪವಿದ್ದರೆ ಅದೇ ಫೋನು ಅದರ ನೂರನೆಯ ಒಂದು ಭಾಗದಲ್ಲಿಯೇ ಕೆಲಸ ಮುಗಿಸುತ್ತದೆ. 4ಜಿಯಲ್ಲಿ ಮಿತಿ ಸಾಮಾನ್ಯವಾಗಿ 0.2 ವ್ಯಾಟ್. ಆದರೆ ದುರ್ಬಲ ಸಿಗ್ನಲಿನಲ್ಲಿ ಒಂದೇ ಸುದ್ದಿಯನ್ನು ಮತ್ತೆ ಮತ್ತೆ ಕಳಿಸಬೇಕಾಗಿ ಬರುವುದರಿಂದ ಒಟ್ಟು ಖರ್ಚು ಬೆಳೆಯುತ್ತದೆ. ಸಿಗ್ನಲ್ ಪೂರ್ತಿ ತಪ್ಪಿದರಂತೂ ಫೋನು ಎಲ್ಲ ಕಂಪನಗಳನ್ನೂ ಒಂದೊಂದಾಗಿ ತಡಕಾಡುತ್ತದೆ. ಪರದೆ ಆರಿರುತ್ತದೆ, ಕಿಸೆಯಲ್ಲಿ ಫೋನು ಬೆಚ್ಚಗಾಗಿರುತ್ತದೆ, ರೈತರಿಗೆ ಕಾರಣ ತಿಳಿಯುವುದಿಲ್ಲ.

ಈ ಭಾಗದಲ್ಲಿ ಇದಕ್ಕೆ ಎರಡು ವಿಶೇಷ ಕಾರಣಗಳಿವೆ. ಒಂದು ಕಬ್ಬು. ಹತ್ತು ಹನ್ನೆರಡು ಅಡಿ ಬೆಳೆದು ನಿಂತ ಕಬ್ಬಿನ ಎಲೆ ಮತ್ತು ದಂಟಿನಲ್ಲಿ ನೀರಿನ ಅಂಶ ಬಹಳ. ನೀರು ರೇಡಿಯೋ ಅಲೆಗಳನ್ನು ಹೀರುತ್ತದೆ. ಆದ್ದರಿಂದ ಬದುವಿನ ಮೇಲೆ ನಾಲ್ಕು ಗೆರೆ ತೋರಿಸುವ ಫೋನು ಸಾಲಿನ ನಡುವೆ ಹೋದಂತೆ ಒಂದು ಗೆರೆಗೆ ಬರುತ್ತದೆ. ಮಳೆ ಬಿದ್ದು ಎಲೆ ತೊಯ್ದಾಗ ಇನ್ನೂ ಕಡಿಮೆ. ಜೂನ್ ತಿಂಗಳಲ್ಲಿ ಚೆನ್ನಾಗಿದ್ದ ಫೋನು ದೀಪಾವಳಿಯ ಹೊತ್ತಿಗೆ "ಕೆಟ್ಟು", ಕಬ್ಬು ಕಟಾವಾದ ಮೇಲೆ ತಾನಾಗಿಯೇ "ರಿಪೇರಿ"ಯಾದರೆ ಅದರ ಗುಟ್ಟು ಇದೇ.

ಎರಡನೆಯದು ಗಡಿ. ದೂರಸಂಪರ್ಕದ ಲೆಕ್ಕದಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರ ಬೇರೆ ಬೇರೆ ವಲಯಗಳು. ಒಂದೇ ಕಂಪನಿಯಾದರೂ ಎರಡು ವಲಯಗಳ ಟವರುಗಳಿಗೆ ಬೇರೆ ಬೇರೆ ಗುರುತಿನ ಸಂಖ್ಯೆ ಇರುತ್ತದೆ. ಕಾಗವಾಡದಲ್ಲಿ ಮಿರಜದ ಕಡೆಯ ಟವರು, ನಿಪ್ಪಾಣಿಯ ಆಚೆ ಕಾಗಲ್ ಕಡೆಯದು, ಸದಲಗಾ ಭಾಗದಲ್ಲಿ ದತ್ತವಾಡದ ಕಡೆಯದು, ಅಥಣಿಯ ಉತ್ತರದ ಹಳ್ಳಿಗಳಲ್ಲಿ ಜತ್ತ ಕಡೆಯದು ಫೋನಿಗೆ ಸಿಗಬಹುದು. ಕರ್ನಾಟಕದ ಸಿಮ್ ಇರುವ ಫೋನು ಆಚೆಯ ಟವರನ್ನು ಹಿಡಿದರೆ ಅದು ರೋಮಿಂಗ್. ಆಗ ಸಿಮ್ಮಿನಲ್ಲಿ ಬರೆದಿಟ್ಟ ಅವಧಿಗೊಮ್ಮೆ ಫೋನು ತನ್ನ ಸ್ವಂತ ವಲಯದ ಟವರು ಸಿಕ್ಕೀತೇ ಎಂದು ಹುಡುಕುತ್ತಲೇ ಇರುತ್ತದೆ. ಸಿಕ್ಕರೆ ಅದಕ್ಕೆ ಹಾರುತ್ತದೆ, ದುರ್ಬಲವಾದರೆ ಮತ್ತೆ ಆಚೆಗೆ ಹಾರುತ್ತದೆ. ಹೀಗೆ ಈ ದಂಡೆಯಿಂದ ಆ ದಂಡೆಗೆ ದಿನವಿಡೀ ದೋಣಿ ಹಾಕಿದಂತೆ. ರಾಯಬಾಗ ತಾಲೂಕು ಗಡಿಯಿಂದ ತುಸು ಒಳಗಿರುವುದರಿಂದ ಅಲ್ಲಿ ಈ ತೊಂದರೆ ಕಡಿಮೆ. ಆದರೆ ಚಿಂಚಲಿ ಮಾಯಕ್ಕನ ಜಾತ್ರೆಗೆ ಎರಡೂ ರಾಜ್ಯಗಳ ಜನ ನೆರೆದಾಗ ಅಲ್ಲಿ ಬೇರೊಂದು ತೊಂದರೆ. ಗೆರೆಗಳೆಲ್ಲ ತುಂಬಿ ಕಾಣುತ್ತವೆ, ಟವರು ಮಾತ್ರ ಕಿಕ್ಕಿರಿದಿರುತ್ತದೆ. ಫೋನು ಪ್ರಯತ್ನಿಸಿ ಪ್ರಯತ್ನಿಸಿ ಸೋಲುತ್ತದೆ.

ನಿವಾರಣೆಯಲ್ಲಿ ಅತ್ಯಂತ ಸುಲಭವಾದದ್ದು ಫೋನನ್ನು ಇಡುವ ಜಾಗವನ್ನು ಬದಲಿಸುವುದು. ಕಬ್ಬಿನೊಳಗೆ ಕೆಲಸವಿದ್ದಾಗ ಹಗಲಿನಲ್ಲಿ ಫೋನನ್ನು ಕಿಸೆಯಲ್ಲಿ ಒಯ್ಯುವ ಬದಲು ಬದುವಿನ ಗಿಡದ ನೆರಳಿನಲ್ಲಿ ಎತ್ತರಕ್ಕೆ ತೂಗುಹಾಕಬಹುದು. ರಾತ್ರಿ ಒಬ್ಬರೇ ಇದ್ದಾಗ ಮಾತ್ರ ಹೀಗೆ ಮಾಡಬಾರದು. ಆಗ ಫೋನು ಮೈಮೇಲೆಯೇ ಇರಬೇಕು. ಬದಲಿಗೆ ಮೊಬೈಲ್ ಡೇಟಾವನ್ನು ಆರಿಸಿಡಬೇಕು. ಡೇಟಾ ಆರಿಸಿದರೂ ಕರೆಗಳು ಬರುತ್ತವೆ, ಹೋಗುತ್ತವೆ. ವಾಟ್ಸಾಪಿನ ಗುಂಪುಗಳು ಮಾತ್ರ ಸುಮ್ಮನಾಗುತ್ತವೆ, ಅದೂ ಒಂದು ಲಾಭವೇ.

ಎರಡು ಸಿಮ್ ಇದ್ದರೆ ಎರಡೂ ಪ್ರತ್ಯೇಕವಾಗಿ ಟವರನ್ನು ಹುಡುಕುತ್ತವೆ. ಹೊಲದಲ್ಲಿ ಸಿಗ್ನಲ್ಲೇ ಸಿಗದ ಎರಡನೆಯ ಸಿಮ್ಮನ್ನು ಸೆಟ್ಟಿಂಗಿನಲ್ಲಿ ಬಂದ್ ಮಾಡಿಡುವುದರಿಂದ ಒಳ್ಳೆಯ ಉಳಿತಾಯವಾಗುತ್ತದೆ. ನಮ್ಮ ದೇಶದಲ್ಲಿ 5ಜಿ ಸೇವೆ 2022ರ ಅಕ್ಟೋಬರದಲ್ಲಿ ಆರಂಭವಾಯಿತು. ಪೇಟೆಯಲ್ಲಿ ಅದು ಉತ್ತಮ. ತೋಟಪಟ್ಟಿಗಳಲ್ಲಿ 5ಜಿ ಒಮ್ಮೆ ಬಂದು ಒಮ್ಮೆ ಹೋಗುತ್ತಿದ್ದರೆ ನೆಟ್‌ವರ್ಕಿನ ಬಗೆಯನ್ನು 4ಜಿಗೆ ನಿಲ್ಲಿಸುವುದು ಮೇಲು. ಬ್ಯಾಟರಿ ಉಳಿಸಲು 2ಜಿಗೆ ಇಳಿಸಿರಿ ಎಂಬ ಸಲಹೆ ಕೆಲವರು ಕೊಡುತ್ತಾರೆ. ಜಿಯೋ ಸಿಮ್ 2ಜಿಯಲ್ಲಿ ಕೆಲಸ ಮಾಡುವುದೇ ಇಲ್ಲ. ಹಾಗೆ ಇಳಿಸಿದವರು ಸಂಪರ್ಕವನ್ನೇ ಕಳೆದುಕೊಳ್ಳುತ್ತಾರೆ.

ಗಡಿಯ ಹಾರಾಟಕ್ಕೆ ಮದ್ದು ಸಿಮ್ ಸೆಟ್ಟಿಂಗಿನಲ್ಲಿದೆ. ನೆಟ್‌ವರ್ಕನ್ನು ತಾನಾಗಿ ಆಯ್ಕೆ ಮಾಡುವ ಗುಂಡಿಯನ್ನು ಆರಿಸಿ, ತೋಟದಲ್ಲಿ ಗಟ್ಟಿಯಾಗಿ ಸಿಗುವ ಒಂದನ್ನು ಕೈಯಿಂದ ಆರಿಸಬಹುದು. ಅದು ಕರ್ನಾಟಕದ್ದೇ ಆಗಬೇಕೆಂದಿಲ್ಲ. ಹತ್ತಿರದ ಟವರು ಮಹಾರಾಷ್ಟ್ರದ್ದಾದರೆ ಅದನ್ನೇ ಹಿಡಿದಿರುವುದು ಬ್ಯಾಟರಿಗೆ ಹಿತ. ಈಗಿನ ಅನಿಯಮಿತ ಪ್ಯಾಕುಗಳಲ್ಲಿ ದೇಶದೊಳಗಿನ ರೋಮಿಂಗಿಗೆ ಬೇರೆ ಹಣವಿಲ್ಲ. ಆದರೆ ಒಂದು ಎಚ್ಚರಿಕೆ ಅವಶ್ಯ. ಈ ಭಾಗದ ಜನ ದವಾಖಾನೆಗೆ ಮಿರಜಕ್ಕೆ, ವ್ಯಾಪಾರಕ್ಕೆ ಕೊಲ್ಲಾಪುರಕ್ಕೆ ಹೋಗುವುದು ಹೆಚ್ಚು. ಕೈಯಿಂದ ಆರಿಸಿದ ನೆಟ್‌ವರ್ಕು ಅಲ್ಲಿ ಇಲ್ಲದಿದ್ದರೆ ಫೋನು ಮೂಕವಾಗುತ್ತದೆ. ರೋಗಿಯೊಡನೆ ಹೋದವರಿಗೆ ಮನೆಯವರ ಕರೆ ಮುಟ್ಟುವುದಿಲ್ಲ. ಊರು ಬಿಡುವಾಗ ಆ ಗುಂಡಿಯನ್ನು ಮೊದಲಿನಂತೆ ಮಾಡುವುದನ್ನು ಮರೆಯಬಾರದು. ಇದನ್ನು ನೆನಪಿಡಲಾಗದವರು ಈ ಉಪಾಯದ ಗೊಡವೆಗೆ ಹೋಗದಿರುವುದೇ ಲೇಸು.

ತೋಟದ ಮನೆಗೆ ಕೇಬಲ್ ಇಂಟರ್‌ನೆಟ್ ಬಂದಿದ್ದರೆ ವೈ-ಫೈ ಮೂಲಕ ಕರೆ ಮಾಡುವ ಸೌಲಭ್ಯವನ್ನು ಚಾಲೂ ಮಾಡಿಕೊಳ್ಳಬೇಕು. ಮನೆಯಲ್ಲಿರುವಷ್ಟು ಹೊತ್ತು ದೂರದ ಟವರಿಗೆ ಕೂಗುವ ಶ್ರಮ ಫೋನಿಗೆ ತಪ್ಪುತ್ತದೆ.

ಪರದೆ, ಜಾಗದ ಗುರುತು ಮತ್ತು ಆ್ಯಪುಗಳು

ಸೆಟ್ಟಿಂಗಿನಲ್ಲಿ ಬ್ಯಾಟರಿ ಎಂಬ ಪುಟವನ್ನು ತೆರೆದರೆ ಯಾವುದು ಎಷ್ಟು ತಿಂದಿದೆ ಎಂಬ ಜಮಾಖರ್ಚು ಕಾಣುತ್ತದೆ. ಅದನ್ನು ವಾರಕ್ಕೊಮ್ಮೆಯಾದರೂ ನೋಡಬೇಕು. ಪರದೆಯೇ ಮೊದಲನೆಯ ಸ್ಥಾನದಲ್ಲಿದ್ದರೆ ಹೊಲದ ಬಿಸಿಲಿನಲ್ಲಿ ಬೆಳಕನ್ನು ಪೂರ್ತಿ ಏರಿಸಿ ನಂತರ ಇಳಿಸಲು ಮರೆತಿರುವ ಸಂಭವವಿದೆ. ಕಪ್ಪು ಹಿನ್ನೆಲೆಯನ್ನು ಬಳಸಿರೆಂದು ಹಲವರು ಹೇಳುವುದುಂಟು. ಒಎಲ್‌ಇಡಿ ಪರದೆ ಇದ್ದರೆ ಮಾತ್ರ ಅದರಿಂದ ಉಪಯೋಗ. ಕಡಿಮೆ ಬೆಲೆಯ ಅನೇಕ ಫೋನುಗಳ ಎಲ್‌ಸಿಡಿ ಪರದೆಯಲ್ಲಿ ಹಿಂದಿನ ದೀಪ ಹೇಗೂ ಉರಿಯುತ್ತಲೇ ಇರುತ್ತದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಎಲ್‌ಇಡಿಯಲ್ಲಿಯೂ ಬೆಳಕು ಪೂರ್ತಿ ಇದ್ದಾಗ ಶೇಕಡಾ 39ರಿಂದ 47ರಷ್ಟು ಉಳಿತಾಯವಾದರೆ, ಬೆಳಕು 30ರಿಂದ 50ರ ಮಟ್ಟದಲ್ಲಿದ್ದಾಗ ಉಳಿಯುವುದು ಬರಿಯ 3ರಿಂದ 9ರಷ್ಟು. ಅಂದರೆ ಕಪ್ಪು ಹಿನ್ನೆಲೆಗಿಂತ ಮೊದಲು ಬೆಳಕನ್ನೇ ತಗ್ಗಿಸಬೇಕು.

2020ರ ಮುಂಗಾರಿನಿಂದ ರೈತರೇ ಆ್ಯಪಿನ ಮೂಲಕ ತಮ್ಮ ಬೆಳೆ ಸಮೀಕ್ಷೆ ಮಾಡುವ ಅವಕಾಶ ರಾಜ್ಯದಲ್ಲಿ ಬಂದಿದೆ. ಸರ್ವೆ ನಂಬರಿನ ಗಡಿಯೊಳಗೆ ನಿಂತು ಚಿತ್ರ ತೆಗೆಯಬೇಕಾಗಿರುವುದರಿಂದ ಉಪಗ್ರಹದ ಜಾಗದ ಗುರುತು, ಕ್ಯಾಮೆರಾ, ಡೇಟಾ ಮತ್ತು ಬಿಸಿಲಿನಲ್ಲಿ ಪೂರ್ತಿ ಬೆಳಕಿನ ಪರದೆ ಇವು ನಾಲ್ಕೂ ಏಕಕಾಲಕ್ಕೆ ದುಡಿಯುತ್ತವೆ. ಅದಕ್ಕೆ ಮನೆಯಲ್ಲಿ ಒಳ್ಳೆಯ ಸಿಗ್ನಲ್ ಇರುವಾಗಲೇ ಮಾಹಿತಿ ಮತ್ತು ನಕಾಶೆಯನ್ನು ಇಳಿಸಿಕೊಂಡು, ಹೊಲದಲ್ಲಿ ಚಿತ್ರ ತೆಗೆದು, ಮರಳಿ ಬಂದ ಮೇಲೆ ಅಪ್‌ಲೋಡ್ ಮಾಡುವುದು ಸೂಕ್ತ. ಕೆಲಸ ಮುಗಿದ ಬಳಿಕ ಜಾಗದ ಗುರುತನ್ನು ಆರಿಸಬೇಕು. ದಿಶಾಂಕ್ ಆ್ಯಪಿನಲ್ಲಿ ಸರ್ವೆ ನಂಬರ್ ನೋಡಿದ ಮೇಲೂ ಹೀಗೆಯೇ.

ವಾಟ್ಸಾಪಿಗೆ ಬರುವ ವಿಡಿಯೋಗಳು ತಾವಾಗಿಯೇ ಇಳಿಯದಂತೆ ಅದರ ಸೆಟ್ಟಿಂಗಿನಲ್ಲಿ ತಡೆಯಬಹುದು. ಮಕ್ಕಳು ಹಾಕಿಕೊಂಡ ಆಟಗಳು, ಪರದೆಯ ಮೇಲೆ ಜಾಹೀರಾತು ತೋರಿಸುವ ಆ್ಯಪುಗಳು ಬೇಡವಾದರೆ ತೆಗೆದುಹಾಕುವುದೇ ಒಳ್ಳೆಯದು. ಬ್ಯಾಟರಿ ಉಳಿಸುತ್ತೇವೆ, ಫೋನನ್ನು ಸ್ವಚ್ಛ ಮಾಡುತ್ತೇವೆ ಎನ್ನುವ ಹೊರಗಿನ ಆ್ಯಪುಗಳು ಬೆಳೆ ಕಾಯಲು ಬಿಟ್ಟ ಆಡಿನಂತೆ, ತಾವೇ ಮೇಯುತ್ತವೆ. ಫೋನಿನಲ್ಲಿ ಕಂಪನಿಯೇ ಕೊಟ್ಟಿರುವ ಬ್ಯಾಟರಿ ಸೇವರ್ ಸಾಕು. ತೆರೆದ ಆ್ಯಪುಗಳನ್ನು ಗಳಿಗೆಗೊಮ್ಮೆ ಒರೆಸಿ ಹಾಕುವ ಅಭ್ಯಾಸದಿಂದಲೂ ಲಾಭವಿಲ್ಲ. ಅವನ್ನು ಮತ್ತೆ ಮೊದಲಿನಿಂದ ತೆರೆಯಲು ಹೆಚ್ಚು ಶಕ್ತಿ ಬೇಕಾಗುತ್ತದೆ.

ಬ್ಯಾಟರಿ ಎಂದರೆ ಟಾರ್ಚು ಎಂದೇ ಅರ್ಥವಿದ್ದ ಭಾಗ ಇದು. ಈಗ ಫೋನೇ ಟಾರ್ಚಾಗಿದೆ. ನೀರು ಹಾಯಿಸುವಾಗ ನಾಲ್ಕು ತಾಸು ಅದನ್ನು ಉರಿಸಿದರೆ ಹೆಚ್ಚುಕಡಿಮೆ ಐದನೆಯ ಒಂದು ಭಾಗ ಅಲ್ಲಿಯೇ ಮುಗಿಯುತ್ತದೆ. ರಾತ್ರಿ ಪಾಳಿಗೆ ಹೋಗುವವರು ಬೇರೆ ಟಾರ್ಚನ್ನು ಒಯ್ಯಲೇಬೇಕು. ಹಾವು ಕಾಣಲು ಅದರ ಬೆಳಕೇ ಉತ್ತಮ, ಕರೆ ಮಾಡಲು ಫೋನೂ ಉಳಿಯುತ್ತದೆ.

ಉಷ್ಣತೆ ಮತ್ತು ಚಾರ್ಜಿಂಗ್

ಲಿಥಿಯಂ ಬ್ಯಾಟರಿಯ ದೊಡ್ಡ ವೈರಿ ಉಷ್ಣತೆ. ಸುತ್ತಲಿನ ಉಷ್ಣತೆ 35 ಡಿಗ್ರಿ ಸೆಲ್ಸಿಯಸ್ ಒಳಗಿದ್ದಾಗ ಬಳಸುವುದು ಕ್ಷೇಮ. ಬ್ಯಾಟರಿ 45 ಡಿಗ್ರಿ ದಾಟಿದಾಗ ಚಾರ್ಜ್ ಮಾಡುವುದರಿಂದ ಅದರ ಆಯುಸ್ಸು ಬೇಗ ತೀರುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಟ್ರ್ಯಾಕ್ಟರಿನ ಬಾನೆಟ್ಟಿನ ಮೇಲೆ ಇಟ್ಟ ಫೋನು, ಬೈಕಿನ ಟಾಕಿಯ ಮೇಲಿನ ಚೀಲದಲ್ಲಿರುವ ಫೋನು ಈ ಮಿತಿಯನ್ನು ಸುಲಭವಾಗಿ ದಾಟುತ್ತವೆ. ಕಾರಖಾನೆಯ ಆವರಣದಲ್ಲಿ ಕಬ್ಬಿನ ಗಾಡಿಯ ಸರದಿಗಾಗಿ ತಾಸುಗಟ್ಟಲೆ ಕಾಯುವ ಚಾಲಕರು ಫೋನನ್ನು ಚಾರ್ಜಿಗೆ ಹಚ್ಚಿ ಸಿನೆಮಾ ನೋಡುವುದು ಎರಡು ಬಗೆಯ ಬಿಸಿಯನ್ನು ಕೂಡಿಸಿದಂತೆ. ಬಿಸಿಯಾದ ಫೋನನ್ನು ನೆರಳಿನಲ್ಲಿಟ್ಟು, ಕವಚ ಕಳಚಿ, ತಾನಾಗಿ ತಣಿಯಲು ಬಿಡಬೇಕು. ಫ್ರಿಜ್ಜಿನಲ್ಲಿಟ್ಟರೆ ಒಳಗೆ ತೇವ ಕಟ್ಟುತ್ತದೆ.

ಟ್ರ್ಯಾಕ್ಟರಿನಿಂದ ಚಾರ್ಜ್ ಮಾಡುವವರು ಇಂಜಿನ್ ಚಾಲೂ ಆದ ಮೇಲೆ ಹಚ್ಚಬೇಕು. ಹೊಲದಲ್ಲಿ ಸ್ಟಾರ್ಟರ್ ಪೆಟ್ಟಿಗೆಯಿಂದ ಒಂದು ತಂತಿ ಎಳೆದು, ಇನ್ನೊಂದನ್ನು ನೆಲಕ್ಕೆ ಊರಿ ಚಾರ್ಜ್ ಮಾಡುವ ಪದ್ಧತಿ ಕೆಲವೆಡೆ ಇದೆ. ಇದು ಜೀವಕ್ಕೆ ಅಪಾಯ, ಹಸಿ ನೆಲದಲ್ಲಿ ಇನ್ನೂ ಅಪಾಯ. ಎಂಥ ಅವಸರದಲ್ಲಿಯೂ ಹೀಗೆ ಮಾಡಕೂಡದು. ಕಂಡೆನ್ಸರ್ ಹಚ್ಚಿ ಮೋಟಾರು ಓಡಿಸುವ ಹೊತ್ತಿನಲ್ಲಿ ವೋಲ್ಟೇಜು ಬಹಳ ಇಳಿಯುತ್ತದೆ. ಚಾರ್ಜರಿನ ಮೇಲೆ 100-240 ವೋಲ್ಟ್ ಎಂದು ಬರೆದಿದ್ದರೆ ಆ ಇಳಿತವನ್ನು ಅದು ತಡೆದುಕೊಳ್ಳುತ್ತದೆ. ತಡೆಯಲಾರದ್ದು ಏರಿಕೆ. ನ್ಯೂಟ್ರಲ್ ತಂತಿ ಹರಿದರೆ ಮನೆಯ ವೋಲ್ಟೇಜು 400ರ ಸಮೀಪಕ್ಕೂ ಹೋಗಬಲ್ಲದು. ಬಲ್ಬುಗಳು ಒಮ್ಮೆಲೆ ಪ್ರಖರವಾಗಿ ಉರಿಯತೊಡಗಿದರೆ ಮೇನ್ ಸ್ವಿಚ್ಚನ್ನು ಕೂಡಲೆ ಆರಿಸಿ ಹೆಸ್ಕಾಂ ಸಿಬ್ಬಂದಿಗೆ ತಿಳಿಸಬೇಕು.

ಬ್ಯಾಟರಿಯೇ ಹೋಗಿದ್ದರೆ

ಪರೀಕ್ಷೆಯಿಂದ ಬ್ಯಾಟರಿಯೇ ಸವೆದದ್ದು ಖಚಿತವಾದರೆ ಬದಲಿಸಲು ಹಿಂಜರಿಯಬಾರದು. ಫೋನು ತಯಾರಿಸಿದ ಕಂಪನಿಯ ಸೇವಾ ಕೇಂದ್ರದಲ್ಲಿ ಹಾಕಿಸುವುದು ಉತ್ತಮ. ಬೇರೆಡೆ ಕೊಳ್ಳುವುದಾದರೆ ಬ್ಯಾಟರಿಯ ಮೇಲೆ ಐಎಸ್ 16046 ಎಂಬ ಭಾರತೀಯ ಮಾನಕದ ಗುರುತು ಮತ್ತು ಆರ್ ಅಕ್ಷರದ ಮುಂದೆ ಎಂಟು ಅಂಕಿಗಳ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಬೇಕು. ಅದೇ ಅಳತೆಯ ಬ್ಯಾಟರಿಯಲ್ಲಿ ಮೊದಲಿನ ಒಂದೂವರೆ ಪಟ್ಟು ಎಂಎಎಚ್ ಎಂದು ಬರೆದಿದ್ದರೆ ಅದು ಸುಳ್ಳು.

ಫೋನಿನ ಬೆನ್ನು ಉಬ್ಬಿದ್ದರೆ, ಪರದೆ ಅಂಚಿನಲ್ಲಿ ಎದ್ದಿದ್ದರೆ, ಬ್ಯಾಟರಿಯೊಳಗೆ ಅನಿಲ ಸೇರಿದೆ ಎಂದರ್ಥ. ಅದನ್ನು ಒತ್ತುವುದು, ಚುಚ್ಚುವುದು, ಮತ್ತೆ ಚಾರ್ಜಿಗೆ ಹಚ್ಚುವುದು ಬೆಂಕಿಗೆ ಆಹ್ವಾನ. ಆರಿಸಿ, ಮಕ್ಕಳ ಕೈಗೆ ಸಿಗದಂತೆ ಒಣ ಜಾಗದಲ್ಲಿಟ್ಟು, ಆದಷ್ಟು ಬೇಗ ಸೇವಾ ಕೇಂದ್ರಕ್ಕೆ ಮುಟ್ಟಿಸಬೇಕು. ತೆಗೆದ ಹಳೆಯ ಬ್ಯಾಟರಿಯನ್ನು ತಿಪ್ಪೆಗೆ ಎಸೆದರೆ ಗೊಬ್ಬರದೊಡನೆ ಹೊಲಕ್ಕೆ ಹೋಗುತ್ತದೆ. ರವದಿ ಸುಡುವ ಬೆಂಕಿಗೆ ಬಿದ್ದರೆ ಸಿಡಿಯುತ್ತದೆ. (ರವದಿ ಸುಡುವುದೇ ತಪ್ಪು, ಅದು ಬೇರೆ ಮಾತು.)

ಮಳೆಗಾಲಕ್ಕೆ ಮೊದಲು

ನದಿ ದಂಡೆಯ ಗ್ರಾಮಗಳವರು ಜೂನ್ ಮುಗಿಯುವುದರೊಳಗೆ ಒಂದು ಪವರ್ ಬ್ಯಾಂಕನ್ನು ಸಿದ್ಧವಾಗಿಟ್ಟುಕೊಳ್ಳಬೇಕು. 10,000 ಎಂಎಎಚ್ ಪವರ್ ಬ್ಯಾಂಕಿನಿಂದ 5000ದ ಫೋನು ಎರಡು ಸಲ ತುಂಬುವುದಿಲ್ಲ. ವೋಲ್ಟೇಜ್ ಬದಲಾವಣೆಯಲ್ಲಿ ಸುಮಾರು ಮೂರನೆಯ ಒಂದು ಭಾಗ ಕಳೆದು, ಒಂದೂಕಾಲು ಸಲ ಆದೀತು. ಬಳಸದೆ ಇಡುವಾಗ ಅರ್ಧ ತುಂಬಿಡುವುದು ಒಳ್ಳೆಯದು. ಕೊಯ್ನಾ ಜಲಾಶಯದಿಂದ ನೀರು ಬಿಡುವ ಸುದ್ದಿ ಬಂದ ದಿನ ಪೂರ್ತಿ ತುಂಬಿಸಬೇಕು.

ನೀರು ಬಂದು ಕರೆಂಟು ಹೋದ ಮೇಲೆ ಮನೆಯಲ್ಲಿ ನಾಲ್ಕು ಫೋನುಗಳಿದ್ದರೆ ಒಂದನ್ನು ಮಾತ್ರ ಚಾಲೂ ಇಟ್ಟು ಉಳಿದ ಮೂರನ್ನು ಪೂರ್ತಿ ಬಂದ್ ಮಾಡಬೇಕು. ಚಾಲೂ ಇರುವ ಫೋನಿನ ಡೇಟಾ ಆರಿಸಿ, ಬೆಳಕು ತಗ್ಗಿಸಿ, ಬ್ಯಾಟರಿ ಸೇವರಿನಲ್ಲಿಡಬೇಕು. ಟವರುಗಳೂ ನಿಂತು ಸಿಗ್ನಲ್ ಸಿಗದಿದ್ದರೆ ಏರೋಪ್ಲೇನ್ ಮೋಡಿನಲ್ಲಿಟ್ಟು, ಎರಡು ತಾಸಿಗೊಮ್ಮೆ ಹತ್ತು ನಿಮಿಷ ತೆರೆದು ನೋಡಬೇಕು. ಏರೋಪ್ಲೇನ್ ಮೋಡಿನಲ್ಲಿ ಪ್ರವಾಹದ ಎಚ್ಚರಿಕೆಗಳೂ ಬರುವುದಿಲ್ಲವಾದ್ದರಿಂದ ಈ ತೆರೆಯುವ ವೇಳೆಯನ್ನು ತಪ್ಪಿಸಕೂಡದು. ಕ್ಷೀಣ ಸಿಗ್ನಲಿನಲ್ಲಿ ಮಾತಿಗಿಂತ ಎಸ್ಎಂಎಸ್ ಸುಲಭವಾಗಿ ಮುಟ್ಟುತ್ತದೆ. 112ಕ್ಕೆ ಮಾಡುವ ಕರೆ ಸ್ವಂತ ಕಂಪನಿಯ ಟವರು ಇಲ್ಲದಿದ್ದರೂ ಬೇರೆ ಯಾವ ಟವರು ಸಿಕ್ಕರೂ ಅದರ ಮೂಲಕ ಹೋಗುತ್ತದೆ.

ನೀರಿಗೆ ಬಿದ್ದ ಫೋನನ್ನು ಚಾರ್ಜಿಗೆ ಹಚ್ಚದೆ ಆರಿಸಿ, ಒರೆಸಿ, ಒಂದೆರಡು ದಿನ ಗಾಳಿಯಲ್ಲಿ ಒಣಗಿಸಬೇಕು; ಅಕ್ಕಿಯಲ್ಲಿ ಹೂಳುವುದರಿಂದ ಒಳಗೆ ಧೂಳು ಸೇರುತ್ತದೆ. ಪವರ್ ಬ್ಯಾಂಕು, ಕೇಬಲ್ಲು ಮತ್ತು ಅವಶ್ಯವಿರುವ ನಂಬರುಗಳನ್ನು ಬರೆದ ಒಂದು ಚೀಟಿಯನ್ನು ಉತಾರ, ಪಾಸ್‌ಬುಕ್ಕುಗಳೊಡನೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮನೆಯ ಎತ್ತರದ ಜಾಗದಲ್ಲಿಡಬೇಕು. ಚಾಲೂ ಇರುವ ಫೋನಿನ ನಂಬರು ಯಾವುದು ಎಂಬುದನ್ನು ತಲಾಟಿಯವರಿಗೂ ನೆರೆಯ ಒಂದೆರಡು ಮನೆಗಳಿಗೂ ಮೊದಲೇ ಹೇಳಿರಬೇಕು.